ಪರಮ ಪ್ರಸಾದಕ್ಕೆ ಪಾರ್ಸೆಲ್ ಇಲ್ಲ

ನಮ್ಮ ಚರ್ಚಿನಲ್ಲಿ ಪರಮ ಪ್ರಸಾದ ಕೊಡುವ ಮೊದಲು ಫಾದರ್ ಸೂಚನೆ ಓದುತ್ತಾರೆ. ಪರಮ ಪ್ರಸಾದ ಅಂದರೆ ಪೂಜೆಯಲ್ಲಿ ಕೊಡುವ ತೆಳು ಬಿಲ್ಲೆ; ನಮಗೆ ಅದು ಯೇಸುವಿನ ಶರೀರ, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಶುರುವಿನಲ್ಲಿ ಒಂದೇ ಸೂಚನೆ ಇತ್ತು: ಮೊಬೈಲ್ ಬಂದ್ ಮಾಡಿ. ಈಗ ಎರಡು ಪುಟ ಆಗಿದೆ. ಪ್ರತಿ ಸಾಲಿನ ಹಿಂದೆಯೂ ಒಂದು ಅವಾಂತರ ಇದೆ.

ಮುಂಬೈಯ ಚರ್ಚು ಇದು, ಹೆಸರು ಬೇಡ. ತಿಂಗಳಿಗೊಮ್ಮೆ ಕನ್ನಡದಲ್ಲಿ ಬಲಿಪೂಜೆ, ಅಂದರೆ ಮಾಸ್. ಫಾದರ್ ಮಂಗಳೂರು ಕಡೆಯವರು. ಬಹಳ ಒಳ್ಳೆಯವರು. ಆದರೆ ಏನೇ ತೊಂದರೆ ಬಂದರೂ ಮೈಕಿನಲ್ಲಿ ಹೇಳಿದರೆ ಸರಿಹೋಗುತ್ತದೆ ಅಂತ ನಂಬಿದವರು. ಲೋಕಲ್ ಟ್ರೈನಿನ ಅನೌನ್ಸ್‌ಮೆಂಟ್ ದಿನಾ ಕೇಳಿಯೂ ಬಾಗಿಲಲ್ಲೇ ನೇತಾಡುವ ಜನ ನಾವು, ನಮಗೆ ಹೇಳುತ್ತಾರೆ!

ಮೇ ತಿಂಗಳ ಸೆಕೆಗೆ ಫ್ಯಾನ್ ಜೋರು ಮಾಡಿದ್ದರು. ಪಾತ್ರೆಯಿಂದ ಒಂದು ಬಿಲ್ಲೆ ಹಾರಿತು. ಫ್ಯಾನ್ ನಿಲ್ಲಿಸು ಅಂತ ಫಾದರ್ ಕಣ್ಣಲ್ಲೇ ಹೇಳಿದರು. ಹುಡುಗ ಓಡಿಹೋಗಿ ಮೈಕ್ ಆಫ್ ಮಾಡಿದ. ಆಮೇಲೆ ಲೈಟು. ಕೊನೆಗೆ ಫ್ಯಾನೂ ನಿಂತಿತು, ಹಿಂದಿನ ಸಾಲಿನದು. ಬಿದ್ದ ಪ್ರಸಾದವನ್ನು ಹಾಗೇ ಬಿಡುವಂತಿಲ್ಲ, ಭಕ್ತಿಯಿಂದ ಎತ್ತಬೇಕು. ಫಾದರ್ ನಿಲುವಂಗಿ ಎತ್ತಿಕೊಂಡು ಮೊಣಕಾಲೂರಿ ಬೆಂಚಿನ ಅಡಿ ಹುಡುಕತೊಡಗಿದರು. ಇದೂ ಪೂಜೆಯ ಭಾಗ ಇರಬೇಕು ಅಂತ ಹಿಂದಿದ್ದವರೆಲ್ಲ ಮೊಣಕಾಲೂರಿದರು.

ಮಳೆಗಾಲದ ಕಥೆ ಬೇರೆ. ಬರೀ ಗೋಧಿ ಹಿಟ್ಟು, ನೀರಿನ ಬಿಲ್ಲೆ ಅಲ್ವಾ, ಜುಲೈ ಬಂತೆಂದರೆ ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಅಂಟುತ್ತದೆ. ಎರಡು ಬಂತು ಅಂತ ನಮ್ಮ ಬ್ಯಾಂಕಿನ ಮಾಮ ಒಂದನ್ನು ವಾಪಸ್ ಮಾಡಲು ಮತ್ತೆ ಸಾಲಿನಲ್ಲಿ ನಿಂತರು.

ಇನ್ನು ಪ್ರಸಾದಕ್ಕೆ ಮೊದಲಿನ ಉಪವಾಸ. ನಮ್ಮ ಅಜ್ಜಿ ನಡುರಾತ್ರಿಯಿಂದ ಏನೂ ಮುಟ್ಟುತ್ತಿರಲಿಲ್ಲ. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದೇ ಗಂಟೆಗೆ. ಆ ಒಂದು ಗಂಟೆ ಪೂಜೆ ಶುರುವಾಗುವ ತನಕ ಅಲ್ಲ, ಪ್ರಸಾದ ಸ್ವೀಕರಿಸುವ ತನಕ. ಇದು ಗೊತ್ತಾದ ದಿನದಿಂದ ನನ್ನ ತಮ್ಮ ಎಂಟರ ಪೂಜೆಗೆ ಏಳೂಮುಕ್ಕಾಲಿಗೆ ಗೇಟಿನ ಹೊರಗೆ ವಡಾಪಾವ್ ತಿನ್ನುತ್ತಾನೆ. ಪ್ರವಚನ ಉದ್ದ ಆದರೆ ಅವನು ಬಚಾವ್. ಪ್ರವಚನ ಎಂಟು ನಿಮಿಷ ದಾಟಬಾರದು ಅಂತ ಪೋಪ್ ಫ್ರಾನ್ಸಿಸ್ 2024ರಲ್ಲಿ ಹೇಳಿದಾಗ ಇಡೀ ಚರ್ಚಿನಲ್ಲಿ ಬೇಜಾರಾದವನು ಇವನೊಬ್ಬನೇ.

ಎರಡನೇ ಪುಟ ಶುರುವಾದದ್ದು ಮಾತ್ರ ನನ್ನಿಂದ.

ಮಗಳ ಮೊದಲ ಪರಮ ಪ್ರಸಾದದ ದಿನ ಡೊಂಬಿವಲಿಯಿಂದ ಗೆಳೆಯನನ್ನು ಕರೆದಿದ್ದೆ. ಹುಬ್ಬಳ್ಳಿಯವನು, ಎಲ್ಲ ದೇವರಿಗೂ ಕೈಮುಗಿಯುವವನು. ಪ್ರಸಾದ ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ತಡ, ಎದ್ದು ಸಾಲಿಗೆ ನಿಂತ. ಅದು ನಮ್ಮ ಕ್ಯಾಥೋಲಿಕರಿಗೆ ಮಾತ್ರ ಅಂತ ಹೇಳಲು ನಾನು ಪಕ್ಕದಲ್ಲಿರಲಿಲ್ಲ, ಮುಂದೆ ಫೋಟೋ ತೆಗೆಯುತ್ತಿದ್ದೆ. ಅವನು ಬಲಗೈ ಬೊಗಸೆ ಮಾಡಿ, ಕೆಳಗೆ ಎಡಗೈ ಇಟ್ಟು, ತೀರ್ಥಕ್ಕೆ ಒಡ್ಡುವ ಹಾಗೆ ಒಡ್ಡಿದ. ಆಮೆನ್ ಬದಲು "ನಮಸ್ಕಾರ್ರೀ" ಅಂದ. ಬಿಲ್ಲೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಕರವಸ್ತ್ರ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅಂಗಿ ಜೇಬಿಗೆ ಇಳಿಸಿದ. ಮನೆಯಲ್ಲಿ ಹೆಂಡತಿಗೆ!

ಫಾದರ್ ಪಾತ್ರೆ ಹಿಡಿದುಕೊಂಡೇ ಅವನ ಹಿಂದೆ ಹೊರಟರು. ಕೊರಳಿನ ಮೈಕ್ ಆನ್ ಇತ್ತು.

"ಅಯ್ಯೋ ಮಾರಾಯ್ರೇ, ಅದು ಪಾರ್ಸೆಲ್ ಅಲ್ಲ! ಇಲ್ಲಿ ಕೊಡಿ!"

ಎಂಟು ಸ್ಪೀಕರಿನಲ್ಲೂ ಕೇಳಿತು. ಗೆಳೆಯ ಗಾಬರಿಯಾಗಿ ಕರವಸ್ತ್ರ ಬಿಚ್ಚಿದ. ಫಾದರ್ ಬಿಲ್ಲೆ ಎತ್ತಿ ತಾವೇ ಬಾಯಿಗೆ ಹಾಕಿಕೊಂಡರು. ಕುರುಂ ಅಂದದ್ದೂ ಸ್ಪೀಕರಿನಲ್ಲಿ ಬಂತು.

ಊಟದ ಹೊತ್ತಿಗೂ ಅವನ ಸಿಟ್ಟು ಇಳಿದಿರಲಿಲ್ಲ. "ಅಲ್ಲೋ, ಕೊಟ್ಟ ಪ್ರಸಾದ ಕಸ್ಕೊಂಡು ತಾವ ತಿಂದ್ಬಿಟ್ರಲ್ಲೋ! ನಮ್ಮೂರ ಪೂಜಾರಿನೂ ಹಿಂಗ ಮಾಡಂಗಿಲ್ಲ."

ಮುಂದಿನ ತಿಂಗಳು ಹೊಸ ಸೂಚನೆಗಳು ಬಂದವು. ಯಾರು ಬರಬೇಕು, ಯಾರು ಬರಬಾರದು, ಯಾವ ಕೈ ಮೇಲೆ, ಯಾವ ಕೈ ಕೆಳಗೆ, ಜೇಬು ಯಾಕೆ ಬೇಡ. ಕನ್ನಡದಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ, ಅತಿಥಿಗಳಿಗಾಗಿ ಹಿಂದಿಯಲ್ಲಿ ಇನ್ನೊಮ್ಮೆ. ಪ್ರವಚನ ಮಾತ್ರ ಎಂಟೇ ನಿಮಿಷ, ಪೋಪ್ ಮಾತು ಮೀರುವವರಲ್ಲ ನಮ್ಮ ಫಾದರ್.

ತಮ್ಮ ಈಗ ವಡಾಪಾವ್ ಮುಗಿಸಿ ಮೇಲೊಂದು ಚಹಾ ಕುಡಿದು ಬರುತ್ತಾನೆ.