ಸ್ಪಷ್ಟನೆ: ‘ವಾಚ್‌ಮೆನ್’ ಲೇಖಕರ ಹೆಸರನ್ನು ಚಿತ್ರತಂಡ ಕಿತ್ತುಹಾಕಿಲ್ಲ

ಬಳ್ಳಾರಿಯ ಸಿನಿಮಾ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 2009ರ ಹಾಲಿವುಡ್ ಸೂಪರ್‌ಹೀರೋ ಸಿನಿಮಾ ‘ವಾಚ್‌ಮೆನ್’ನ ಚಿತ್ರತಂಡ, ಅದಕ್ಕೆ ಮೂಲವಾದ ಕಾಮಿಕ್ಸ್ ಪುಸ್ತಕದ ಲೇಖಕ ಅಲನ್ ಮೂರ್ ಹೆಸರನ್ನೇ ಕಿತ್ತುಹಾಕಿತು, ಅದಕ್ಕೇ ಅಭಿಮಾನಿಗಳು ಸಿಟ್ಟಾದರು ಅಂತ. ಇದು ತಪ್ಪು. ಹೆಸರು ಬೇಡ ಎಂದವರು ಸ್ವತಃ ಮೂರ್. ತಮ್ಮ ಪಾಲಿನ ದುಡ್ಡನ್ನೂ ಆ ಪುಸ್ತಕಕ್ಕೆ ಚಿತ್ರ ಬರೆದ ಡೇವ್ ಗಿಬ್ಬನ್ಸ್‌ಗೇ ಕೊಡಿ ಎಂದರು. ಹಾಗಾಗಿ ಪರದೆ ಮೇಲೆ ಗಿಬ್ಬನ್ಸ್ ಹೆಸರು ಮಾತ್ರ ಬರುತ್ತದೆ.

ಅಭಿಮಾನಿಗಳ ಜಗಳ ಜಾಸ್ತಿ ನಡೆದದ್ದು ಕ್ಲೈಮ್ಯಾಕ್ಸ್ ಬಗ್ಗೆ. ಪುಸ್ತಕದಲ್ಲಿ ನ್ಯೂಯಾರ್ಕನ್ನು ನಾಶ ಮಾಡುವುದು ಆಕ್ಟೋಪಸ್‌ನಂಥ ದೈತ್ಯ ಜೀವಿ. ಚಿತ್ರದಲ್ಲಿ ಅದಿಲ್ಲ, ತಪ್ಪೆಲ್ಲ ಅತಿಮಾನುಷ ಶಕ್ತಿಯ ಪಾತ್ರ ಡಾಕ್ಟರ್ ಮ್ಯಾನ್‌ಹಟನ್ ತಲೆಗೆ. ಒಪ್ಪಿದವರೂ ಇದ್ದಾರೆ, ಬೈದವರೂ ಇದ್ದಾರೆ. ನನಗಂತೂ ಆ ಬದಲಾವಣೆ ಸರಿ ಅನ್ನಿಸಿತು. ಹಾಗಂತ ಪುಸ್ತಕವನ್ನು ಮರೆತಿಲ್ಲ, ಅದರ ಗುರುತಿನಂತಿರುವ ಹಳದಿ ಬ್ಯಾಡ್ಜಿನ ನಗುಮುಖದ ಮೇಲಿನ ರಕ್ತದ ಹನಿಯನ್ನೂ ಬಿಡದೆ ಪುಸ್ತಕದಿಂದ ತಂದಿದ್ದಾರೆ. ದಯವಿಟ್ಟು ಆ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ.