ವ್ಯಾಪ್ತಿ ಪ್ರದೇಶದ ಹೊರಗೆ ಕೂತು ಕಾಫಿ ಕುಡಿಯುತ್ತಿದ್ದೆ

ಮೊನ್ನೆ ಸಂಜೆ ಆರೂವರೆಗೆ ತೋಟಕ್ಕೆ ಔಷಧಿ ಹೊಡೆಯುವವನು ನನಗೆ ಮೂರು ಸಲ ಫೋನ್ ಮಾಡಿದ್ದಾನೆ. ಮೂರು ಸಲವೂ ಅದೇ ಹೆಂಗಸಿನ ದನಿ: "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ." ಚಂದಾದಾರ ಎಲ್ಲಿದ್ದ ಗೊತ್ತಾ? ಸ್ವಂತ ಮನೆಯ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಫೋನು ಎದುರಿಗೇ ಇತ್ತು. ಒಂದು ಕಡ್ಡಿ ಬೇರೆ ತೋರಿಸುತ್ತಿತ್ತು.

ಮಳೆಗಾಲದ ನಡುವೆ ಎರಡೇ ದಿನ ಮಳೆ ಬಿಟ್ಟು ಹೊಳವಾಗಿತ್ತು. ಅಡಿಕೆಗೆ ಕೊಳೆರೋಗ ಬೀಳುವ ಮೊದಲು ಬೋರ್ಡೋ ದ್ರಾವಣ ಹೊಡೆಸಬೇಕು. "ನಾಳೆ ಬರ್ಲಾ" ಅಂತ ಕೇಳಲು ಅವನು ಫೋನ್ ಮಾಡಿದ್ದು. ನಾನು ಸಿಗಲಿಲ್ಲ. ಬೇರೆಯವರ ತೋಟಕ್ಕೆ ಹೋದ. ಈಗ ಮತ್ತೆ ಮಳೆ ಹಿಡಿದಿದೆ. ಬೋರ್ಡೋಗೆ ಅಂತ ತಂದಿಟ್ಟ ಮೈಲುತುತ್ತ, ಸುಣ್ಣ ಕೊಟ್ಟಿಗೆಯಲ್ಲಿ ಹಾಗೇ ಕೂತಿವೆ.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ತಗ್ಗಿನಲ್ಲಿ, ಸುತ್ತ ತೋಟ, ಅದರಾಚೆ ಗುಡ್ಡ. ಟವರ್ ಇರುವುದು ಗುಡ್ಡದ ಆ ಕಡೆ. ಸಿಗ್ನಲ್ ಕಷ್ಟ ಅಂತ ನನಗೂ ಗೊತ್ತು. ಸಿಟ್ಟು ಬರುವುದು ಅದಕ್ಕಲ್ಲ. ಕಷ್ಟ ಅಂತ ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಅದಕ್ಕೆ. ಕೊರೋನಾ ಕಾಲದಲ್ಲಿ ಇಲ್ಲಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಪ್ಲಾಸ್ಟಿಕ್ ಹೊದ್ದು ಗುಡ್ಡ ಹತ್ತಿದರು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅಂತ ಮಲೆನಾಡಿನ ಹಳ್ಳಿಗಳು ಬೋರ್ಡ್ ಹಾಕಿದವು. ಕಂಪನಿಯ ನಕ್ಷೆಯಲ್ಲಿ ಮಾತ್ರ ನಮ್ಮ ಮನೆ ಮೇಲೆ ಗಾಢ ಬಣ್ಣ ಬಳಿದಿದೆ. ವ್ಯಾಪ್ತಿ ನಕ್ಷೆ ಹಾಕಲೇಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ, ಸರಿ. ನಕ್ಷೆ ನೋಡಿ ಖುಷಿಪಡಬಹುದು, ಮಾತಾಡಲಿಕ್ಕೆ ಆಗುವುದಿಲ್ಲ.

ಕಸ್ಟಮರ್ ಕೇರ್ ಕಥೆ ಕೇಳಿ. ಫೋನ್ ಆಫ್ ಮಾಡಿ ಆನ್ ಮಾಡಿ. ಮಾಡಿದೆ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಅದನ್ನೂ ಮಾಡಿದೆ. ಇಷ್ಟನ್ನೂ ಗುಡ್ಡದ ಮೇಲೆ ನಿಂತು ಮಾಡಿದ್ದು, ಯಾಕೆಂದರೆ ಮನೆಯಿಂದ ಅವರಿಗೆ ಫೋನೇ ಹೋಗುವುದಿಲ್ಲ. ಐದು ದಿನ ಬಿಟ್ಟು ಪೇಟೆಗೆ ಹೋದಾಗ ಟಣ್ ಅಂತ ಮೆಸೇಜ್ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಕಳಿಸಿದ್ದು ಮೂರು ದಿನದ ಹಿಂದೆ!

ಆಮೇಲೆ ಫೋನಿನ ಅಂಗಡಿ. 18,000 ರೂಪಾಯಿ ಕೊಟ್ಟು ಹೊಸದು ತಂದೆ. "5ಜಿ ಸಾರ್, ಎಲ್ಲಾ ಬರ್ತದೆ" ಅಂದ ಹುಡುಗ. ಏನು ಬರ್ತದೆ? ನಗರಗಳಲ್ಲಿ 5ಜಿ ಜಾಸ್ತಿ ಓಡುವುದು 3,300 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ವೇಗ ಇದೆ, ಆದರೆ ಗೋಡೆ ಸಿಕ್ಕರೆ ಸುಸ್ತು. ಗುಡ್ಡ ಬಳಸಿ, ತೋಟ ದಾಟಿ, ಗೋಡೆ ತೂರಿ ಅಷ್ಟೋ ಇಷ್ಟೋ ಬರುವುದು 700, 850, 900ರಂಥ ಕೆಳಗಿನ ತರಂಗಗಳು. ಹಾಗಾಗಿ ನಮ್ಮಂಥವರು ಕೇಳಬೇಕಾದ್ದು ಎಷ್ಟು ಜಿ ಅಂತ ಅಲ್ಲ, ಯಾವ ಬ್ಯಾಂಡ್, ಅಂದರೆ ಯಾವ ತರಂಗದ ಪಟ್ಟಿ ಅಂತ. 4ಜಿಯಲ್ಲಿ 850 ಅಂದರೆ ಬ್ಯಾಂಡ್ 5, 900 ಅಂದರೆ ಬ್ಯಾಂಡ್ 8. ಇದನ್ನು ಅಂಗಡಿಯವನಿಗೆ ಕೇಳಿದೆ. ಕ್ಯಾಮೆರಾ ಐವತ್ತು ಮೆಗಾಪಿಕ್ಸೆಲ್ ಅಂದ.

ತಂಗಿಯ ಮಗ ಅಮೆರಿಕದಿಂದ ತಂದುಕೊಟ್ಟ ಫೋನು ಇನ್ನೊಂದು ಪುರಾಣ. ನಾಜೂಕಾದ ಫೋನು, ಮುಟ್ಟಲಿಕ್ಕೇ ಹೆದರಿಕೆ. ನಮ್ಮ ಟವರ್ ಕೊಡುವುದು ಬ್ಯಾಂಡ್ 8, ಆ ಮಾದರಿಯಲ್ಲಿ ಅದೇ ಇಲ್ಲ. ಮೂಲೆಯಲ್ಲಿ ಇ ಅಂತ ಒಂದಕ್ಷರ ತೋರಿಸಿಕೊಂಡು 2ಜಿಯಲ್ಲಿ ಕೂತಿತು. ವೈಫೈ ಮೂಲಕ ಕರೆ ತರುವ ವೈಫೈ ಕಾಲಿಂಗ್ ಗುಂಡಿಯೂ ಅದರಲ್ಲಿಲ್ಲ. ಅವನ ಬೇಜಾರು ಬೇಡ ಅಂತ ಹೇಳಲಿಲ್ಲ, ಫೋಟೋ ತೆಗೆಯಲು ಇಟ್ಟುಕೊಂಡಿದ್ದೇನೆ.

ಕಡ್ಡಿ ನಂಬಬೇಡಿ. ಸೆಟ್ಟಿಂಗ್ಸ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಸಿಗ್ನಲ್ ಎಷ್ಟು ಗಟ್ಟಿ ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ 90 ಇದ್ದರೆ ಆರಾಮ, ಮೈನಸ್ 120 ಅಂದರೆ ಉಸಿರು ನಿಂತ ಹಾಗೆ. ಒಂದು ಭಾನುವಾರ ಹುಚ್ಚನ ಹಾಗೆ ಇಡೀ ಮನೆ ಅಳೆದೆ. ಅಡುಗೆಮನೆ ಮೈನಸ್ 121. ಜಗಲಿ 116. ಜಗಲಿಯ ಪಡುವಣ ಮೂಲೆಯ ಕಂಬದ ಹತ್ತಿರ 107! ಅಲ್ಲೊಂದು ಮೊಳೆ ಹೊಡೆದು, ಹಾಲಿನ ಪ್ಯಾಕೆಟ್ ಕವರಿನಲ್ಲಿ ಫೋನ್ ಹಾಕಿ ತೂಗುಬಿಡುತ್ತೇವೆ. ಒಟಿಪಿ ಬರಬೇಕಾದರೆ ಮನೆಯವರೆಲ್ಲ ಆ ಕಂಬಕ್ಕೆ ಪ್ರದಕ್ಷಿಣೆ. ಮೊನ್ನೆ ಮಾತ್ರ ಕಾಫಿ ಲೋಟದ ಪಕ್ಕ ಇಟ್ಟುಕೊಂಡಿದ್ದೆ, ಅದೇ ತಪ್ಪಾಯಿತು. ಮಹಡಿ ಕೋಣೆಯಲ್ಲಿ ಮೊದಲು ಚೆನ್ನಾಗಿಯೇ ಸಿಗುತ್ತಿತ್ತು. ಸೋರುತ್ತದೆ ಅಂತ ಹಂಚಿನ ಮೇಲೆ ತಗಡಿನ ಶೀಟ್ ಹಾಕಿಸಿದೆವು, ಅಲ್ಲೂ ಹೋಯಿತು. ತಗಡು ತಡೆಯುತ್ತದೆ ಅಂತ ಹಾಕಿಸಿದ ಮೇಲೆ ಗೊತ್ತಾಯಿತು. ಒಟ್ಟಿನಲ್ಲಿ ನೀರೂ ಬರುವುದಿಲ್ಲ, ಸಿಗ್ನಲ್ಲೂ ಬರುವುದಿಲ್ಲ.

ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿಸು ಅಂತ ಸಲಹೆ ಕೊಡುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಅದನ್ನು ನಾವು ನೀವು ಹಾಕುವ ಹಾಗಿಲ್ಲ. ಪರವಾನಗಿ ಇರುವ ಟೆಲಿಕಾಂ ಕಂಪನಿ ಮಾತ್ರ ಹಾಕಬಹುದು. 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಮತ್ತೆ ಬಿಡಿಸಿ ಹೇಳಿತು. ಅಗ್ಗದ ಬೂಸ್ಟರ್ ಕೆಟ್ಟ ಮೈಕಿನ ಹಾಗೆ ಕಿರುಚಲು ಶುರು ಮಾಡಿದರೆ ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ಸರಿ, ಕಾನೂನು ಒಪ್ಪಿಕೊಂಡೆ. ಕಂಪನಿಯೇ ಬಂದು ಹಾಕಲಿ ಅಂತ ಅರ್ಜಿ ಕೊಟ್ಟೆ. ಅದೂ "ಪರಿಹಾರ" ಆಗಿರಬಹುದು, ಪೇಟೆಗೆ ಹೋದಾಗ ನೋಡಬೇಕು.

ಕೊನೆಗೆ ಕೈಹಿಡಿದಿದ್ದು ಕೇಬಲ್‌ನವನ ಫೈಬರ್ ಮತ್ತು ವೈಫೈ ಕಾಲಿಂಗ್. ಬೇರೆ ಆಪ್ ಬೇಡ, ಬೇರೆ ನಂಬರ್ ಬೇಡ, ಮಾಮೂಲಿ ಕರೆಯೇ ವೈಫೈ ಮೂಲಕ ಬರುತ್ತದೆ. ದೊಡ್ಡ ಕಂಪನಿಗಳು ಇದನ್ನು 2020ರ ಹೊತ್ತಿಗೇ ತಂದಿವೆ. ನನಗೆ ಒಬ್ಬನಾದರೂ ಹೇಳಿದನಾ? ಆ 18,000ದ ಫೋನಿನಲ್ಲೇ ಗುಂಡಿ ಇತ್ತು, ಆಫ್ ಆಗಿತ್ತು! ಎಷ್ಟು ಸಲ ಕಸ್ಟಮರ್ ಕೇರ್‌ಗೆ ಮಾತಾಡಿದ್ದೇನೆ, ಒಂದು ಸಲ ಬಾಯಿಬಿಡಲಿಲ್ಲ. ಹೊಸ ಫೋನ್ ಕೊಳ್ಳುವವರು ಆ ಮಾದರಿಗೆ ನಿಮ್ಮ ಸಿಮ್‌ನಲ್ಲಿ ವೈಫೈ ಕಾಲಿಂಗ್ ಇದೆಯಾ ಅಂತ ಮೊದಲೇ ನೋಡಿ. ಕ್ಯಾಮೆರಾ ಆಮೇಲೆ.

ಮತ್ತೆ ಮೊನ್ನೆ ಯಾಕೆ ಸಿಗಲಿಲ್ಲ ಅಂತೀರಾ? ಗಾಳಿಗೆ ಲೈನ್ ಮೇಲೆ ಮರ ಬಿದ್ದು ಮಧ್ಯಾಹ್ನವೇ ಕರೆಂಟ್ ಹೋಗಿತ್ತು. ಮೋಡೆಮ್‌ಗೆ ಇನ್ವರ್ಟರ್ ಕೊಟ್ಟಿದ್ದೇನೆ, ಆದರೆ ಕೇಬಲ್‌ನವನ ಡಬ್ಬಿಯ ಬ್ಯಾಟರಿ ನಾಲ್ಕು ಗಂಟೆಗೇ ಸತ್ತಿತ್ತು.

ನಿನ್ನೆ ಔಷಧಿ ಹೊಡೆಯುವವನ ಮನೆಗೇ ಬೈಕಿನಲ್ಲಿ ಹೋದೆ. ಮುಂದಿನ ಹೊಳವಿಗೆ ಮೊದಲು ನಿಮ್ಮ ತೋಟಕ್ಕೇ ಬರ್ತೇನೆ ಅಂದ. "ಫೋನ್ ಮಾಡ್ತೇನೆ ಬಿಡಿ" ಅಂದ. ಬೇಡ ಮಾರಾಯ, ಹುಡುಗನನ್ನು ಕಳಿಸು ಅಂತ ಕೈಮುಗಿದು ಬಂದೆ.