ಗೋಡೆಗೆ ಬಂದ ಹಣ

ನಿನ್ನೆ ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಹೊಸದಾಗಿ ಬಣ್ಣ ಬಳಿದ ಗೋಡೆ, ಒಂದು ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ದೊಡ್ಡ ಟಿವಿ. ಪಕ್ಕದ ಕೋಣೆಯಲ್ಲಿ ಒಂದರಿಂದ ಐದನೆಯ ತರಗತಿವರೆಗಿನ ಮಕ್ಕಳೆಲ್ಲ ಒಬ್ಬರೇ ಶಿಕ್ಷಕಿಯ ಮುಂದೆ. ಅತಿಥಿ ಶಿಕ್ಷಕಿಯಾಗಿದ್ದ ಹುಡುಗಿ ಹೋದ ವರ್ಷದ ಅವಧಿ ಮುಗಿದ ಮೇಲೆ ಮರಳಿ ಬಂದಿಲ್ಲವಂತೆ. 60 ಮಕ್ಕಳವರೆಗಿನ ಕಿರಿಯ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅಸ್ಸಾಮಿನಿಂದ ಕಾಫಿ ತೋಟಕ್ಕೆ ಬಂದ ಕುಟುಂಬದ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆಯ) ಹುಡುಗನೊಬ್ಬ ಒತ್ತಕ್ಷರದ ಮುಂದೆ ತಡವರಿಸುತ್ತಿದ್ದ. ಅವನ ಪಕ್ಕದಲ್ಲಿ ಐದು ನಿಮಿಷ ಕೂರಲು ಆ ಶಿಕ್ಷಕಿಗೆ ಬಿಡುವಿರಲಿಲ್ಲ.

ವಿಶೇಷ ಅನುದಾನ ಬಂದಾಗಲೆಲ್ಲ ಆಗುವುದು ಇದೇ. ಒಮ್ಮೆ ಬರುವ ಹಣದಿಂದ ಒಮ್ಮೆ ಕೊಳ್ಳುವ ವಸ್ತು ಬರುತ್ತದೆ. ಮೂವತ್ತು ವರ್ಷ ಸಂಬಳ ಕೊಡಬೇಕಾದ ಮೇಷ್ಟ್ರು ಬರುವುದಿಲ್ಲ. ನಾನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷನಾಗಿದ್ದಾಗ ಮಾಡಿದ್ದೂ ಇದನ್ನೇ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಹಣ ವಾಪಸಾಗುತ್ತದೆಂಬ ಭಯದಲ್ಲಿ, ಚೆನ್ನಾಗಿಯೇ ಇದ್ದ ಗೋಡೆಗೆ ಮತ್ತೆ ಬಣ್ಣ ಹೊಡೆಸಿ ಬಿಲ್ಲಿಗೆ ಸಹಿ ಹಾಕಿದ್ದೆ. ಆ ಸಹಿ ಈಗಲೂ ಚುಚ್ಚುತ್ತದೆ.

ಹಣವಂತ ದೇಶವೂ ಇದರಿಂದ ಪಾರಾಗಿಲ್ಲ. ಅಮೆರಿಕದಲ್ಲಿ 2009ರ ಆರ್ಥಿಕ ಉತ್ತೇಜನ ಕಾಯ್ದೆಯಿಂದ ಶಿಕ್ಷಣಕ್ಕೆ ಸುಮಾರು 10,000 ಕೋಟಿ ಡಾಲರ್ ದೊರೆಯಿತು. ರಾಜ್ಯಗಳ ತೆರಿಗೆ ಆದಾಯ ಕುಸಿದಿದ್ದ ಆ ಹೊತ್ತಿನಲ್ಲಿ ಅದು ಬಹಳಷ್ಟು ಶಿಕ್ಷಕರ ಕೆಲಸ ಉಳಿಸಿತು, ನಿಜ. ಆದರೆ ಅದರಲ್ಲಿಯೇ 435 ಕೋಟಿ ಡಾಲರನ್ನು ‘ರೇಸ್ ಟು ದ ಟಾಪ್’ ಎಂಬ ಸ್ಪರ್ಧೆಗೆ ಎತ್ತಿಟ್ಟು, ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಅಂಕಗಳನ್ನೂ ಪರಿಗಣಿಸುವಂಥ ಸುಧಾರಣೆಗಳಿಗೆ ಒಪ್ಪಿದ ರಾಜ್ಯಗಳಿಗೆ ಹಂಚಿದರು. ಹಣ ಕೆಲವೇ ವರ್ಷಗಳದ್ದು, ಬದಲಾದ ನಿಯಮ ಮಾತ್ರ ಶಾಲೆಯ ಹೆಗಲಿಗೆ. ಕೋವಿಡ್ ಕಾಲದಲ್ಲಿ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ಬಂತು. ಅದರ ಕೊನೆಯ ಕಂತನ್ನು ಯಾವುದಕ್ಕೆಂದು ನಿಗದಿಪಡಿಸುವ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಆ ಹಣವನ್ನು ನಂಬಿ ಸಿಬ್ಬಂದಿಯನ್ನು ನೇಮಿಸಿಕೊಂಡಿದ್ದ ಅನೇಕ ಕಡೆ ಮುಂದಿನ ಸಂಬಳಕ್ಕೆ ಪರದಾಟವಾಯಿತು.

‘ಸೋರುವ ಮಾಡಿನ ಕೆಳಗೆ ಪಾಠವಾಗುತ್ತದೆಯೇ, ಕಟ್ಟಡವೂ ಬೇಡವೇ?’ ಎಂದು ಕೆಲವು ಸ್ನೇಹಿತರು ಕೇಳುತ್ತಾರೆ. 2018ರ ಆಗಸ್ಟ್ ಮಳೆಯನ್ನು ಕಂಡ ಕೊಡಗಿನವನು ಮಾಡು ಬೇಡ ಎನ್ನುವುದಿಲ್ಲ. ಆದರೆ ಮಾಡು ಗಟ್ಟಿಯಾದ ಮೇಲೂ ಪ್ರತಿ ವರ್ಷ ಬಣ್ಣಕ್ಕೆ, ಟಿವಿಗೆ, ನಾಮಫಲಕಕ್ಕೆ ಹಣವಿದ್ದು ಶಿಕ್ಷಕರ ಹುದ್ದೆ ಮಾತ್ರ ಖಾಲಿ ಉಳಿಯುವುದನ್ನು ಮಳೆಯ ಹೆಸರಿನಲ್ಲಿ ನಾನು ಒಪ್ಪಲಾರೆ.

ಖಾಯಂ ಶಿಕ್ಷಕರನ್ನು ಕೊಡಿ, ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಶಾಲೆ ತೆರೆಯುವ ದಿನವೇ ನೇಮಿಸಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆದಿಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿರುತ್ತೇನೆ. ಆ ಶಾಲೆಯಲ್ಲಿ ಓದಿದವರು ಬಂದು ಸಹಿ ಹಾಕಿ.